ನಾನು ಎಣಿಸದ ಉಸಿರು

ಹೊಸದಾಗಿ ನರ್ಸಿಂಗ್ ಮುಗಿಸಿ ಬರುವ ಹುಡುಗಿಯರಿಗೆ ಹೇಳಿಕೊಡಲು ನನ್ನ ಹತ್ತಿರ ದೊಡ್ಡ ವಿದ್ಯೆ ಏನೂ ಇಲ್ಲ. ಮೂವತ್ತನಾಲ್ಕು ವರ್ಷ ಜಯನಗರ, ಜೆ.ಪಿ. ನಗರದ ಸುತ್ತಮುತ್ತಲಿನ ಹೆರಿಗೆ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿ ದುಡಿದು, ಎರಡು ವರ್ಷದ ಹಿಂದೆ ಬನಶಂಕರಿಯ ಮನೆಯಲ್ಲಿ ಕಾಲು ಚಾಚಿ ಕೂತವಳು ನಾನು. ಯಾವಾಗ ಸೀನಿಯರ್ ಆದೆ, ಯಾವಾಗ ಇನ್‌ಚಾರ್ಜ್ ಆದೆ ಎನ್ನುವುದು ಯಾರಿಗೂ ಬೇಡದ ಕಥೆ. ನಾನು ಹೇಳಬೇಕಾಗಿರುವುದು ಒಂದೇ ಒಂದು ಕೆಲಸದ ಬಗ್ಗೆ. ಒಂದು ನಿಮಿಷ ಹಿಡಿಯುವ ಕೆಲಸ. ಅದನ್ನು ನಾನು ಒಂದೇ ದಿನ ನಾಲ್ಕು ಸಲ ಮಾಡದೆ, ಮಾಡಿದ್ದೇನೆ ಎಂದು ಬರೆದೆ.

ನನಗೆ ಕೆಲಸ ಕಲಿಸಿದವರು ಫಿಲೋಮಿನಾ ಸಿಸ್ಟರ್. ಮೈಸೂರಿನವರು, ಗಂಟಲು ಬಲು ಜೋರು, ತಲೆಯ ಮೇಲಿನ ಬಿಳಿ ಕ್ಯಾಪಿಗೆ ಗಂಜಿ ಹಾಕಿ ನಿಲ್ಲಿಸುತ್ತಿದ್ದರು. ಉಸಿರು ಎಣಿಸುವುದನ್ನು ಅವರು ಕಲಿಸಿದ್ದು ಹೀಗೆ. ಮೊದಲು ರೋಗಿಯ ಮಣಿಕಟ್ಟು ಹಿಡಿದು ನಾಡಿ ನೋಡಬೇಕು. ನಾಡಿ ಎಣಿಸಿ ಮುಗಿದ ಮೇಲೂ ಕೈ ಬಿಡಬಾರದು. ಇನ್ನೂ ನಾಡಿಯನ್ನೇ ನೋಡುತ್ತಿರುವ ಹಾಗೆ ನಟಿಸುತ್ತಾ, ಓರೆಗಣ್ಣಿನಲ್ಲಿ ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎಣಿಸುತ್ತಿದ್ದಾರೆ ಎಂದು ಗೊತ್ತಾದರೆ ಯಾರೂ ಮಾಮೂಲಿಯಾಗಿ ಉಸಿರಾಡುವುದಿಲ್ಲ.

ನಾನು ಮೊದಲ ವಾರವೇ ಎಡವಟ್ಟು ಮಾಡಿದೆ. ಗರ್ಭಕೋಶದ ಆಪರೇಷನ್ ಆಗಿದ್ದ ಹೆಡ್‌ಮಿಸ್ಟ್ರೆಸ್ ಒಬ್ಬರಿಗೆ, “ಮೇಡಂ, ಸ್ವಲ್ಪ ನಿಮ್ಮ ಉಸಿರು ಎಣಿಸ್ತೀನಿ” ಅಂದೆ. ಆಕೆ ಕಣ್ಣು ಮುಚ್ಚಿ, ಕೈ ಎದೆಯ ಮೇಲಿಟ್ಟುಕೊಂಡು ಪ್ರಾಣಾಯಾಮ ಶುರು ಮಾಡಿಬಿಟ್ಟರು. ನಿಮಿಷಕ್ಕೆ ಆರು, ಇರಬೇಕಾದದ್ದು ಹನ್ನೆರಡರಿಂದ ಇಪ್ಪತ್ತು. ನಾನು ಗಾಬರಿಯಾಗಿ ಡಾಕ್ಟರನ್ನು ಕೂಗುತ್ತಾ ಕಾರಿಡಾರಿನ ತುಂಬಾ ಓಡಿದೆ. ಡಾಕ್ಟರು ಬರುವಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ಎದ್ದು ಕೂತು ಕಾಫಿ ಕುಡಿಯುತ್ತಿದ್ದರು. ಫಿಲೋಮಿನಾ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು, “ಗಿರಿಜಾ, ಬಾಯಿ ಮುಚ್ಕೊಂಡು ಕಣ್ಣು ಬಿಡು. ಈ ಕೆಲಸಕ್ಕೆ ಅಷ್ಟೇ ಬೇಕಾಗಿರೋದು” ಎಂದರು.

ಒಂದೆರಡು ವರ್ಷ ಶ್ರದ್ಧೆಯಿಂದ ಎಣಿಸಿದೆ. ಆಮೇಲೆ ಎಲ್ಲರಂತಾದೆ. ಯಾರೂ ಬಾಯಿಬಿಟ್ಟು ಹೇಳದ ಸಂಗತಿ ಇದು: ಹಾಸಿಗೆಯ ಕಾಲಬಳಿ ತೂಗುಹಾಕಿರುವ ಚಾರ್ಟಿನಲ್ಲಿ ಜ್ವರ ನಿಜ, ಬಿಪಿ ನಿಜ, ನಾಡಿ ನಿಜ, ಉಸಿರು ಮಾತ್ರ ಅಂದಾಜು. ಇಪ್ಪತ್ತು ಎಂದು ಬರೆದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಆದ್ದರಿಂದ ಎಲ್ಲರಿಗೂ ಇಪ್ಪತ್ತು. ಹೆರಿಗೆ ನೋವಿನಲ್ಲಿ ಕಿರುಚುವವಳಿಗೂ ಇಪ್ಪತ್ತು, ಗೊರಕೆ ಹೊಡೆಯುವವಳಿಗೂ ಇಪ್ಪತ್ತು. ಇಡೀ ವಾರ್ಡು ಒಂದೇ ತಾಳಕ್ಕೆ ಉಸಿರಾಡುತ್ತಿತ್ತು. ಒಮ್ಮೆ ನಾನು ಬೆಳಿಗ್ಗೆ ಡಿಸ್‌ಚಾರ್ಜ್ ಆಗಿ ಮನೆಗೆ ಹೋಗಿದ್ದ ಬಾಣಂತಿಯ ಚಾರ್ಟಿನಲ್ಲಿ ಮಧ್ಯಾಹ್ನದ ಸಾಲಿಗೂ ಇಪ್ಪತ್ತು ತುಂಬಿದ್ದೆ. ಮೇಟ್ರನ್ ಎಲ್ಲರ ಮುಂದೆ ಅದನ್ನು ಎತ್ತಿ ಹಿಡಿದು, “ಏನಮ್ಮಾ, ಬಸ್ ಹತ್ತಿ ಅವರ ಮನೆಗೇ ಹೋಗಿ ಎಣಿಸ್ಕೊಂಡು ಬಂದ್ಯಾ?” ಎಂದು ಕೇಳಿದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು, ನಾನೂ ನಕ್ಕೆ. ಮರುದಿನದಿಂದ ಮತ್ತೆ ಇಪ್ಪತ್ತೇ.

ಆಮೇಲೆ ಬೆರಳಿಗೆ ಹಾಕುವ ಕ್ಲಿಪ್ ಬಂತು. ಪಾದರಸದ ಬಿಪಿ ಮೆಷಿನ್ ಹೋಗಿ ಬಟನ್ ಒತ್ತಿದರೆ ತಾನೇ ಗಾಳಿ ತುಂಬಿಕೊಳ್ಳುವ ಮೆಷಿನ್ ಬಂತು. ಕ್ಲಿಪ್ ಸಿಕ್ಕಿಸಿದರೆ ನಾಡಿ ಎಷ್ಟು, ರಕ್ತದಲ್ಲಿ ಆಮ್ಲಜನಕ ಎಷ್ಟು ಎಂದು ಕೆಂಪು ಅಕ್ಷರದಲ್ಲಿ ಮೂಡುತ್ತದೆ. ನಮಗೆ ಹಬ್ಬವಾಯಿತು. ಆದರೆ ಕ್ಲಿಪ್ ಬಂದ ಮೇಲೆ ರೋಗಿಯ ಕೈ ಹಿಡಿಯುವುದು ನಿಂತುಹೋಯಿತು. ಕೈ ಹಿಡಿದು ನಿಲ್ಲುವ ಆ ಒಂದು ನಿಮಿಷ ಹೋದ ಮೇಲೆ, ಅದರ ನೆಪದಲ್ಲಿ ಉಸಿರು ನೋಡುವುದೂ ಹೋಯಿತು. ಮೊದಲಾದರೂ ಸೋಮಾರಿತನ ಬಿಟ್ಟ ದಿನ ಎಣಿಸುತ್ತಿದ್ದೆವು, ಈಗ ಎಣಿಸುವ ಸಂದರ್ಭವೇ ಇಲ್ಲದಂತಾಯಿತು.

ಸವಿತಾ ಬಂದದ್ದು ಆ ಕಾಲದಲ್ಲಿ. ಈಗ್ಗೆ ಒಂಬತ್ತು ವರ್ಷದ ಹಿಂದೆ. ನಾನಿದ್ದ ನರ್ಸಿಂಗ್ ಹೋಮಿನ ಹೆಸರು ಹೇಳುವುದಿಲ್ಲ, ಅದು ಈಗ ಇಲ್ಲ. ಸವಿತಾ ಗೊಟ್ಟಿಗೆರೆಯ ಹಳೇ ಊರಿನ ಮನೆತನದ ಸೊಸೆ, ಇಪ್ಪತ್ನಾಲ್ಕು ವರ್ಷ, ಚೊಚ್ಚಲ ಬಸುರಿ, ಏಳು ತಿಂಗಳು ತುಂಬಿತ್ತು. ಜೊತೆಯಲ್ಲಿ ಗಂಡ ಮಂಜುನಾಥ್, ಅತ್ತೆ ಜಯಮ್ಮ. ಹಿಂದಿನ ದಿನವಷ್ಟೇ ಸೀಮಂತ ಮುಗಿದಿತ್ತು. ಎರಡೂ ಕೈಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಹಸಿರು ಗಾಜಿನ ಬಳೆ. ತಲೆಯಲ್ಲಿ ಬಾಡಿದ ಮಲ್ಲಿಗೆಯ ಮೊಗ್ಗಿನ ಜಡೆ ಇನ್ನೂ ಹಾಗೇ ಇತ್ತು.

ಎರಡು ದಿನದಿಂದ ಚಳಿ ಜ್ವರ, ಸೊಂಟದ ಬಲಗಡೆ ನೋವು, ಉರಿಮೂತ್ರ. “ಫಂಕ್ಷನ್ ಗೊತ್ತುಮಾಡ್ಬಿಟ್ಟಿತ್ತು ಸಿಸ್ಟರ್, ನೆಂಟರೆಲ್ಲ ಬಂದ್ಬಿಟ್ಟಿದ್ರು. ಜ್ವರದ ಮಾತ್ರೆ ಕೊಟ್ಟು ಕೂರಿಸ್ದೆ. ಬೆಳಿಗ್ಗೆ ಕೂಡ್ಲೇ ಕರ್ಕೊಂಡು ಬಂದಿದೀವಿ” ಎಂದು ಜಯಮ್ಮ ತಾವಾಗಿಯೇ ಹೇಳಿದರು. ಮುಚ್ಚಿಡಲಿಲ್ಲ. ಅದನ್ನೂ ನಾನು ಬರೆದುಕೊಂಡೆ.

ಡಾಕ್ಟರ್ ಮೇಡಂ ಪರೀಕ್ಷೆ ಮಾಡಿ ಮೂತ್ರಪಿಂಡದ ಸೋಂಕು ಎಂದರು. ರಕ್ತ, ಮೂತ್ರ ಪರೀಕ್ಷೆಗೆ ಕಳಿಸಿ, ಡ್ರಿಪ್ಪೂ ಆ್ಯಂಟಿಬಯೋಟಿಕ್ ಇಂಜೆಕ್ಷನ್ನೂ ಶುರು ಮಾಡಿಸಿದರು. ಅವರಿಗೆ ಬೇರೆ ಆಸ್ಪತ್ರೆಯಲ್ಲಿ ಎರಡು ಆಪರೇಷನ್ ಇತ್ತು. ಹೊರಡುವಾಗ ನನಗೆ, “ಗಿರಿಜಾ, ಎರಡು ಗಂಟೆಗೊಂದ್ಸಲ ನೋಡ್ತಿರಿ. ಬಿಪಿ ಇಳಿದ್ರೆ, ಉಸಿರು ಇಪ್ಪತ್ನಾಲ್ಕು ದಾಟಿದ್ರೆ ಆ ಕ್ಷಣ ನಂಗೆ ಫೋನ್ ಮಾಡಿ. ಐಸಿಯು ಇರೋ ಕಡೆ ಕಳಿಸ್ಬಿಡೋಣ” ಎಂದರು. ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವಿರಲಿಲ್ಲ.

ಹತ್ತು ಗಂಟೆಗೆ ಹೋದೆ. ಅಭ್ಯಾಸಬಲದಿಂದ ಕೈ ಹಿಡಿಯಲು ನೋಡಿದರೆ ಬಳೆ ಅಡ್ಡ ಬಂತು. ಸರಿಸಲು ಹೋದಾಗ ಜಯಮ್ಮ, “ಅಯ್ಯೋ, ತೆಗೀಬೇಡಿ ಸಿಸ್ಟರ್, ನಿನ್ನೆ ತಾನೇ ತೊಡಿಸಿರೋದು” ಎಂದರು. ತೆಗೆಯುವ ಅಗತ್ಯವೂ ನನಗಿರಲಿಲ್ಲ. ಬೆರಳಿಗೆ ಕ್ಲಿಪ್ ಹಾಕಿದೆ. ನಾಡಿ ನೂರ ಹದಿನೆಂಟು. ಜ್ವರ ಹೆಚ್ಚಿರಲಿಲ್ಲ, ಮಾತ್ರೆ ಅದನ್ನು ತಗ್ಗಿಸಿಟ್ಟಿತ್ತು. ಉಸಿರು: ಇಪ್ಪತ್ತು.

ಹನ್ನೆರಡು ಗಂಟೆಗೆ ಹೋದಾಗ ಸವಿತಾ ದಿಂಬಿಗೆ ಒರಗಿ ಕೂತಿದ್ದಳು. “ಸಿಸ್ಟರ್, ಯಾಕೋ ಮಾತಾಡಿದ್ರೆ ಮೇಲುಸಿರು ಬರ್ತಿದೆ” ಎಂದಳು. ನಾನು ನಗುತ್ತಾ, “ಏಳು ತಿಂಗಳಲ್ವೇನಮ್ಮಾ, ಮಗು ಮೇಲಕ್ಕೆ ಒತ್ತತ್ತೆ. ಎಲ್ಲರಿಗೂ ಹಾಗೇನೇ” ಎಂದೆ. ಅವಳು ಮತ್ತೆ ಏನೋ ಹೇಳಲು ಬಾಯಿ ತೆರೆದಳು. ಜಯಮ್ಮ, “ಸಿಸ್ಟರ್ ಹೇಳ್ತಿದಾರಲ್ಲ, ಸುಮ್ನೆ ಮಲಕ್ಕೊಳೆ” ಎಂದು ಗದರಿದರು. ಸವಿತಾ ಗೋಡೆಯ ಕಡೆ ಮುಖ ತಿರುಗಿಸಿದಳು. ನಾನು ಇಪ್ಪತ್ತು ಎಂದು ಬರೆದೆ. ಅವಳೇ ಬಾಯಿಬಿಟ್ಟು ಹೇಳಿದ್ದಳು, ಹುಡುಗಿಯರೇ. ಎಣಿಸುವ ಕಷ್ಟವನ್ನೂ ನನಗೆ ತಪ್ಪಿಸಿದ್ದಳು.

ಸ್ವಲ್ಪ ಹೊತ್ತಿಗೆ ಡಾಕ್ಟರ್ ಮೇಡಂ ಒಂದು ಆಪರೇಷನ್ ಮುಗಿಸಿ ಫೋನ್ ಮಾಡಿದರು. “ಹೇಗಿದಾಳೆ?” ನಾನು ಚಾರ್ಟ್ ನೋಡಿ ಓದಿದೆ: “ಪಲ್ಸ್ ನೂರ ಇಪ್ಪತ್ನಾಲ್ಕು ಇದೆ ಮೇಡಂ. ಬಿಪಿ ನೂರು, ಅರವತ್ತು. ಉಸಿರು ಇಪ್ಪತ್ತು.” ಅವರು ಒಂದು ಗಳಿಗೆ ಯೋಚಿಸಿದರು. “ಉಸಿರು ಚೆನ್ನಾಗಿದೆ ಅಂದ್ರೆ ಪಲ್ಸ್ ಜ್ವರದ್ದೇ ಇರ್ಬೇಕು. ಇಲ್ಲೇ ಇರ್ಲಿ, ಸಂಜೆ ಬಂದು ನೋಡ್ತೀನಿ” ಎಂದರು. ಅವಳನ್ನು ಐಸಿಯುಗೆ ಕಳಿಸಬಹುದಾಗಿದ್ದ ಹೊತ್ತು ಅದು. ನಾನು ಹುಟ್ಟಿಸಿದ ಒಂದು ಸಂಖ್ಯೆ ಅದನ್ನು ತಡೆಯಿತು.

ಎರಡು ಗಂಟೆಗೆ ಇಪ್ಪತ್ತು. ನಾಲ್ಕು ಗಂಟೆಗೆ ಬಿಪಿ ತೊಂಬತ್ತಕ್ಕೆ ಇಳಿದಿತ್ತು. ಮೆಷಿನ್ನಿನದೇ ಏನೋ ತಕರಾರು, ಆಮೇಲೆ ಇನ್ನೊಂದು ಸಲ ನೋಡಿದರಾಯಿತು ಎಂದುಕೊಂಡು, ಅದನ್ನು ಬರೆಯದೆ ಪಕ್ಕದ ರೂಮಿನ ಹೆರಿಗೆಗೆ ಹೋದೆ. ಆಗಲೂ ಇಪ್ಪತ್ತು. ಅವತ್ತು ಎರಡು ಹೆರಿಗೆ ಇತ್ತು, ಒಬ್ಬಳು ನರ್ಸ್ ರಜೆಯಲ್ಲಿದ್ದಳು. ಇದನ್ನು ಸಬೂಬಾಗಿ ಹೇಳುತ್ತಿಲ್ಲ. ಹೇಳಿದರೆ ನನ್ನ ಕಿವಿಗೇ ಕೇಳಲು ನಾಚಿಕೆಯಾಗುತ್ತದೆ.

ಐದು ಗಂಟೆಗೆ ಸಂಜೆ ಪಾಳಿಗೆ ರೂಪಾ ಬಂದಳು. ಬೇರೆ ಆಸ್ಪತ್ರೆಯಿಂದ ನಮ್ಮಲ್ಲಿಗೆ ಬಂದು ಒಂದು ತಿಂಗಳಾಗಿತ್ತು, ನಮ್ಮ ಅಭ್ಯಾಸ ಅವಳಿಗಿನ್ನೂ ಅಂಟಿರಲಿಲ್ಲ. ಹೆರಿಗೆ ಕೋಣೆಯ ಬಾಗಿಲಿಗೆ ಬಂದು, “ಸಿಸ್ಟರ್, ಒಂಬತ್ತನೇ ರೂಮಿನ ಸವಿತಾ ಅವರಿಗೆ ಉಸಿರು ಮೂವತ್ತೆಂಟು ಬರ್ತಿದೆ. ಎರಡ್ಸಲ ಎಣಿಸಿದೆ. ಚಾರ್ಟಲ್ಲಿ ಇಪ್ಪತ್ತಿದೆ. ನಾನೇ ತಪ್ಪು ಎಣಿಸ್ತಿದೀನಾ?” ಎಂದು ಕೇಳಿದಳು. ನಾನು ಕೈಗವಸು ಕಿತ್ತೆಸೆದು ಓಡಿದೆ. ಸವಿತಾಳ ಕೈಕಾಲು ತಣ್ಣಗಾಗಿತ್ತು, ತುಟಿ ಬೂದು ಬಣ್ಣಕ್ಕೆ ತಿರುಗಿತ್ತು. ನನ್ನನ್ನು ನೋಡಿ ತನ್ನ ಅಮ್ಮನೆಂದುಕೊಂಡು ಮಾತಾಡಿದಳು. ಮಗುವಿನ ಎದೆಬಡಿತ ಹುಡುಕಿದೆವು, ಸಿಗಲಿಲ್ಲ.

ಸೆಪ್ಟಿಕ್ ಶಾಕ್ ಎನ್ನುವುದು ಇದೇ. ಸೋಂಕು ರಕ್ತಕ್ಕೆ ಇಳಿದು, ಬಿಪಿ ಕುಸಿದು, ಒಂದೊಂದೇ ಅಂಗ ಕೈಕೊಡುತ್ತದೆ. ಬಸುರಿಯ ಮೈ ಬಹಳ ಹೊತ್ತು ತಡೆದುಕೊಳ್ಳುತ್ತದೆ, ನೋಡುವವರಿಗೆ ಚೆನ್ನಾಗಿಯೇ ಕಾಣುತ್ತಾಳೆ, ಆಮೇಲೆ ಒಂದೇ ಸಲಕ್ಕೆ ಕುಸಿಯುತ್ತಾಳೆ. ಬಿಪಿ ಬೀಳುವುದು ಕಡೆಯಲ್ಲಿ. ಅದಕ್ಕೆ ಎಷ್ಟೋ ಮುಂಚೆ ಉಸಿರು ಏರಿರುತ್ತದೆ. ಆಂಬುಲೆನ್ಸಿನಲ್ಲಿ ನಾನೇ ಜೊತೆಗೆ ಹೋದೆ. ಬನ್ನೇರುಘಟ್ಟ ರಸ್ತೆಯ ಸಂಜೆಯ ಟ್ರಾಫಿಕ್ಕಿನಲ್ಲಿ ಅವಳ ಬಳೆಗಳನ್ನು ಒಂದೊಂದಾಗಿ ತೆಗೆದು ಆ ಕೈ ಹಿಡಿದುಕೊಂಡೆ. ದೊಡ್ಡ ಆಸ್ಪತ್ರೆಯವರು ಕೈಲಾದುದೆಲ್ಲ ಮಾಡಿದರು. ಮರುದಿನ ಮಧ್ಯಾಹ್ನ ಸವಿತಾ ತೀರಿಕೊಂಡಳು.

ಬಸುರಿ ಸತ್ತರೆ ಆರೋಗ್ಯ ಇಲಾಖೆಯವರು ಕಾಗದಪತ್ರ ತರಿಸಿಕೊಂಡು ಪರಿಶೀಲನೆ ಮಾಡುತ್ತಾರೆ. ತಡ ಎಲ್ಲಾಯಿತು ಎಂದು ನೋಡುತ್ತಾರೆ: ಮನೆಯಲ್ಲೋ, ದಾರಿಯಲ್ಲೋ, ಆಸ್ಪತ್ರೆಯಲ್ಲೋ. ನಮ್ಮ ಚಾರ್ಟು ಅಚ್ಚುಕಟ್ಟಾಗಿತ್ತು. ಎರಡೆರಡು ಗಂಟೆಗೆ ತಪ್ಪದೆ ನೋಡಿದ್ದೇವೆ, ನಾಲ್ಕು ಗಂಟೆಯವರೆಗೂ ಉಸಿರಾಟ ಸರಿಯಾಗಿತ್ತು, ಆಮೇಲೆ ದಿಢೀರ್ ಕುಸಿತ. ಜಯಮ್ಮ ತಾವಾಗಿ ಹೇಳಿದ್ದ ಸೀಮಂತದ ಮಾತೂ ನನ್ನ ಅಕ್ಷರದಲ್ಲೇ ಇತ್ತು. ತಡವಾದದ್ದು ಮನೆಯಲ್ಲಿ ಎಂದು ತೀರ್ಮಾನವಾಯಿತು. ಮಂಜುನಾಥ್‌ಗೂ ಹಾಗೇ ಹೇಳಿದರು. ರೂಪಾ ನನ್ನನ್ನು ಒಂದು ಸಲ ದಿಟ್ಟಿಸಿ ನೋಡಿದಳು, ಎರಡು ತಿಂಗಳಲ್ಲಿ ಕೆಲಸ ಬಿಟ್ಟಳು. ಡಾಕ್ಟರ್ ಮೇಡಂ ನನ್ನನ್ನು ಕರೆದು, “ನಿಮ್ಮ ಚಾರ್ಟ್ ನಮ್ಮನ್ನ ಕಾಪಾಡ್ತು ಗಿರಿಜಾ” ಎಂದರು. ಅವರು ಅದನ್ನು ನಂಬಿಯೇ ಹೇಳಿದರು. ನಾನು ತಲೆ ಬಗ್ಗಿಸಿಕೊಂಡು ನಿಂತೆ. ಅವರದನ್ನು ವಿನಯ ಎಂದುಕೊಂಡರು.

ಅಂದಿನಿಂದ ನಾನು ಎಣಿಸಿದೆ. ನಿವೃತ್ತಿಯ ದಿನದವರೆಗೂ ಒಂದು ಉಸಿರನ್ನೂ ಅಂದಾಜಿನಿಂದ ಬರೆಯಲಿಲ್ಲ. ಒಮ್ಮೆ ಮಡಿವಾಳದ ಪಿಜಿಯಲ್ಲಿದ್ದ ಒಬ್ಬಳು, ಮೂರು ದಿನದ ಹಿಂದೆ ಗರ್ಭಪಾತವಾಗಿದ್ದವಳು, ಸುಸ್ತು ಎಂದು ನಡೆದುಕೊಂಡೇ ಬಂದಳು. ಜ್ವರ ಇರಲಿಲ್ಲ. ಕೈ ಹಿಡಿದು ಎಣಿಸಿದೆ, ಮೂವತ್ತೆರಡು. ಡ್ಯೂಟಿ ಡಾಕ್ಟರು, “ಟೆನ್ಷನ್ ಇರ್ಬೇಕು ಬಿಡಿ ಸಿಸ್ಟರ್” ಎಂದರು. “ಟೆನ್ಷನ್ ನಂಗೆ ಡಾಕ್ಟ್ರೇ. ಅವಳಿಗಿರೋದು ಬೇರೆ” ಎಂದು ಹಟ ಹಿಡಿದೆ. ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಬಿತ್ತು, ಎರಡು ಗಂಟೆಯೊಳಗೆ ಐಸಿಯು ಸೇರಿದಳು, ಬದುಕಿದಳು. ಆಮೇಲೆ ಒಂದು ದಿನ ಬಂದು ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದಳು. ನಾನು ಹಿಂದೆ ಸರಿದೆ. ಇವಳಿಗಾಗಿ ಬೇರೊಬ್ಬಳು ಹೋಗಬೇಕಾಯಿತಲ್ಲ ಎಂದು ಸಂಕಟವಾಯಿತು.

ನಿವೃತ್ತಿಯಾದ ಮೇಲೆ ಒಂದು ನರ್ಸಿಂಗ್ ಕಾಲೇಜಿನವರು ಮಾತಾಡಲು ಕರೆದರು. ಉಸಿರು ಎಣಿಸಿ, ಉಸಿರು ಎಣಿಸಿ ಎಂದು ಗಂಟಲು ಹರಿದುಕೊಂಡೆ. ಕೊನೆಯಲ್ಲಿ ಒಬ್ಬಳು ಎದ್ದು ನಿಂತು, “ಮೇಡಂ, ನೀವು ಯಾವತ್ತಾದ್ರೂ ಎಣಿಸದೇ ಬರೆದಿದೀರಾ?” ಎಂದು ಕೇಳಿದಳು. “ಇಲ್ಲಮ್ಮ” ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವತ್ತು ಮನೆಗೆ ಬಂದು ಊಟ ಸೇರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಗೊಟ್ಟಿಗೆರೆಯ ಬಸ್ಸು ಹತ್ತಿದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹೊಲವಿದ್ದ ಜಾಗದಲ್ಲೇ ಮೂರಂತಸ್ತಿನ ಬಾಡಿಗೆ ಮನೆಗಳೆದ್ದಿದ್ದವು, ಕೆಳಗಡೆ ಜಯಮ್ಮ ಮಗಳು, ಅಳಿಯ, ಮೊಮ್ಮಕ್ಕಳ ಜೊತೆ ಇದ್ದರು. ನಾನು ಯಾರೆಂದು ಹೇಳುವ ಮೊದಲೇ ಗುರುತು ಹಿಡಿದರು. “ನೀವಲ್ವಾ ಆಂಬುಲೆನ್ಸಲ್ಲಿ ಅವಳ ಕೈ ಹಿಡ್ಕೊಂಡಿದ್ದವ್ರು? ಬನ್ನಿ ತಾಯಿ, ಒಳಗ್ ಬನ್ನಿ” ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ಆ ಉಪಚಾರ ತಡೆಯಲಾಗದೆ ನಿಂತುಕೊಂಡೇ ಹೇಳಿಬಿಟ್ಟೆ. ನಾಲ್ಕು ಸಲವೂ ಎಣಿಸಲಿಲ್ಲ, ಸುಳ್ಳು ಬರೆದೆ, ಆ ಸುಳ್ಳನ್ನು ನಂಬಿ ಡಾಕ್ಟರು ಅವಳನ್ನು ಅಲ್ಲೇ ಉಳಿಸಿಕೊಂಡರು, ಮಧ್ಯಾಹ್ನವೇ ಕಳಿಸಿದ್ದರೆ ಬದುಕುತ್ತಿದ್ದಳೇನೋ ಎಂದೆ.

ಜಯಮ್ಮ ನನ್ನ ಕೈ ಬಿಟ್ಟರು. ಗೋಡೆಗೆ ಒರಗಿ ಕೂತರು. ಆಮೇಲೆ, “ಅವಳು ಮೇಲುಸಿರು ಅಂದ್ಲಲ್ಲ. ನೀವು ಹೇಳಿದ್ರಿ ಅಂತ ನಾನೂ ಅವಳನ್ನ ಗದರಿದೆ” ಎಂದರು. ಮತ್ತೆ, “ತಪ್ಪು ನಂದೂ ಇದೆ ಬಿಡಿ. ಎರಡ್ ದಿನ ಕೂರಿಸಿದ್ದು ನಾನೇ” ಎಂದರು. ನಾನು ಅಳತೊಡಗಿದೆ. ಅವರು ಅಳಲಿಲ್ಲ. “ನನ್ ಮಗ ಒಂಬತ್ತು ವರ್ಷದಿಂದ ಈ ಮನೆ ಹೊಸಲು ತುಳಿದಿಲ್ಲ. ಹಬ್ಬಕ್ಕೆ ಬರ್ತಾನೆ, ಗೇಟ್ ಹತ್ರ ನಿಂತು ತಂಗಿ ಹತ್ರ ಮಾತಾಡಿ ಹೋಗ್ತಾನೆ. ಹೆಂಡ್ತೀನ ಕೊಂದವಳು ಅಂತಾನೆ ನನ್ನ. ನಂಗೆ ಹೇಳಿ ಏನ್ ಬಂತು ತಾಯಿ? ಅವನಿಗೆ ಹೋಗಿ ಹೇಳಿ” ಎಂದರು. ಕುಡಿಯಲು ನೀರು ಸಹ ಕೊಡಲಿಲ್ಲ.

ಮಂಜುನಾಥ್‌ಗೆ ಜೆ.ಪಿ. ನಗರದಲ್ಲಿ ಹಾರ್ಡ್‌ವೇರ್ ಅಂಗಡಿ, ಮನೆಯೂ ಅಲ್ಲೇ ಹತ್ತಿರ; ದಾರಿಯನ್ನು ಜಯಮ್ಮನ ಮಗಳು ಹೇಳಿಕೊಟ್ಟಳು. ನಾನು ಹೋದಾಗ ಮಧ್ಯಾಹ್ನ, ಗಿರಾಕಿ ಯಾರೂ ಇರಲಿಲ್ಲ. ಎಲ್ಲವನ್ನೂ ಹೇಳಿದೆ. ಅವರು ಗಲ್ಲಾಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಕೇಳಿದರು.

“ಅವತ್ತೇ ಯಾಕೆ ಹೇಳಲಿಲ್ಲ ಮೇಡಂ?”

“ಹೆದರಿಕೆ. ಕೆಲಸ ಹೋಗತ್ತೆ ಅಂತ.”

“ನಾನು ಕೇಸ್ ಹಾಕ್ಬೇಕಾಗಿದ್ದು ನಿಮ್ಮ ಮೇಲೆ. ಅದನ್ನ ಮನಸಲ್ಲೇ ಅಮ್ಮನ ಮೇಲೆ ಹಾಕ್ದೆ” ಎಂದರು. ದನಿ ಏರಿಸಲಿಲ್ಲ. ಏರಿಸಿ ಬೈದಿದ್ದರೆ ಒಳ್ಳೆಯದಿತ್ತು. ಆಮೇಲೆ ಮೇಜಿನ ಡ್ರಾಯರಿನಿಂದ ಒಂದು ಬಿಳಿ ಹಾಳೆ ತೆಗೆದು ನನ್ನ ಮುಂದಿಟ್ಟರು. “ಬಾಯಲ್ಲಿ ಹೇಳಿದ್ದು ಸಾಕಾಗಲ್ಲ. ಅವತ್ತು ಬರೆದಿದ್ರಲ್ಲ, ಹಂಗೇ ಬರ್ಕೊಡಿ.”

ಬರೆದೆ. ಬೆಳಿಗ್ಗೆ ಹತ್ತು ಗಂಟೆ, ಉಸಿರು ಎಣಿಸಲಿಲ್ಲ. ಹನ್ನೆರಡು ಗಂಟೆ, ಎಣಿಸಲಿಲ್ಲ. ಎರಡು ಗಂಟೆ, ಎಣಿಸಲಿಲ್ಲ. ನಾಲ್ಕು ಗಂಟೆ, ಎಣಿಸಲಿಲ್ಲ. ಸಹಿ ಹಾಕಲು ಹೋದಾಗ ಅವರು ತಡೆದರು. “ಹನ್ನೆರಡು ಗಂಟೆಗೆ ಅವಳು ಹೇಳಿದ್ಲು ಅಂದ್ರಲ್ಲ, ಅದನ್ನೂ ಬರೀರಿ.” ಅದನ್ನೂ ಬರೆದೆ: ತನಗೆ ಮೇಲುಸಿರು ಬರುತ್ತಿದೆ ಎಂದು ಸವಿತಾ ಹೇಳಿದಳು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಳಗೆ ನನ್ನ ಪೂರ್ತಿ ಹೆಸರು ಬರೆದು ಸಹಿ ಮಾಡಿದೆ.

ಮಂಜುನಾಥ್ ಅದನ್ನು ಎರಡು ಸಲ ಓದಿದರು. ಮಡಿಚಿ ಅಂಗಿಯ ಜೇಬಿಗಿಟ್ಟುಕೊಂಡು, “ಹೊರಗ್ ಬನ್ನಿ ಮೇಡಂ, ಅಂಗಡಿ ಮುಚ್ಬೇಕು” ಎಂದರು. ಶಟರ್ ಎಳೆದು ಬೀಗ ಹಾಕಿ, ಪಕ್ಕದಲ್ಲಿ ನಿಲ್ಲಿಸಿದ್ದ ಸ್ಕೂಟರ್ ಹತ್ತಿದರು. ನನ್ನ ಕಡೆ ಮತ್ತೆ ನೋಡಲಿಲ್ಲ. ಆ ರಸ್ತೆಯ ಕೊನೆಯಲ್ಲಿ ಬಲಕ್ಕೆ ತಿರುಗಿದರೆ ಅವರ ಮನೆ, ಎಡಕ್ಕೆ ತಿರುಗಿದರೆ ಗೊಟ್ಟಿಗೆರೆಗೆ ಹೋಗುವ ದಾರಿ. ಸ್ಕೂಟರ್ ಕೊನೆಯವರೆಗೂ ಹೋಗಿ ನಿಂತಿತು. ಹಿಂದಿನಿಂದ ಆಟೋದವರು ಹಾರ್ನ್ ಮೇಲೆ ಹಾರ್ನ್ ಹೊಡೆದರು. ಆಮೇಲೆ ಎಡಕ್ಕೆ ತಿರುಗಿತು. ನಾನು ಫುಟ್‌ಪಾತಿನ ಮೇಲೆ ನಿಂತಲ್ಲೇ ಜೋರಾಗಿ ಅತ್ತೆ.